ರಮ್ಮಿ ಕ್ಲಬ್ಬಿನಿಂದ ಫೋನಿನವರೆಗೆ: ಆಂಧ್ರದ ಗೇಮಿಂಗ್ ಕಥೆ

ಗೇಮಿಂಗ್ ಉದ್ಯಮ ಅಂದ್ರೆ ಜಪಾನ್, ಅಮೆರಿಕದ ಕಥೆ ಯೂಟ್ಯೂಬ್ ತುಂಬಾ ಇದೆ. ನಾನು ಇವತ್ತು ಆಂಧ್ರದ್ದು ಹೇಳ್ತೀನಿ. ಯಾಕಂದ್ರೆ ಅದರ ಒಂದು ತುದಿ ನನ್ನ ಟೀಮಿನಲ್ಲೇ ಇತ್ತು.

2018ರಲ್ಲಿ ನಾನು ವೈಜಾಗ್‌ನಲ್ಲಿದ್ದೆ, ಋಷಿಕೊಂಡದ ಐಟಿ ಗುಡ್ಡದ ಮೇಲಿನ ಆಫೀಸಿನಲ್ಲಿ. ಯುನೆಸ್ಕೋ ಜೊತೆ ಸೇರಿ ಇಲ್ಲಿ ಗೇಮಿಂಗ್ ಡಿಸೈನ್ ವಿಶ್ವವಿದ್ಯಾಲಯ ಮಾಡ್ತೀವಿ ಅಂತ ರಾಜ್ಯ ಸರ್ಕಾರ ಆ ವರ್ಷ ಘೋಷಿಸಿತ್ತು. ನಾನಿದ್ದಷ್ಟು ದಿನ ಕಟ್ಟಡ ಏಳಲಿಲ್ಲ, ಇರ್ಲಿ. ಅದೇ ವರ್ಷ ಪಬ್‌ಜಿ ಮೊಬೈಲ್ ಬಂತು. ಜಿಯೋ ಡೇಟಾ ಅಗ್ಗವಾಗಿತ್ತು, ಪಿಜಿಯಲ್ಲಿ ರಾತ್ರಿಯೆಲ್ಲ ಗುಂಡಿನ ಸದ್ದು.

2020ರ ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್ ನಿಷೇಧಿಸಿತು. ಮರುದಿನವೇ ಆಂಧ್ರ ಸಂಪುಟ ಆನ್‌ಲೈನ್ ರಮ್ಮಿ, ಪೋಕರ್ ನಿಲ್ಲಿಸಲು ತೀರ್ಮಾನಿಸಿತು. ನಡೆಸುವವರಿಗಷ್ಟೇ ಅಲ್ಲ, ಆಡುವವರಿಗೂ ಆರು ತಿಂಗಳವರೆಗೆ ಜೈಲು. ಅಕ್ಟೋಬರ್‌ನಲ್ಲಿ 132 ವೆಬ್‌ಸೈಟ್, ಆ್ಯಪ್‌ಗಳನ್ನು ತಡೆಯಿರಿ ಅಂತ ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದರು.

ಜೂಜಿಗೆ ಮೊದಲೇ ಕಾನೂನು ಇತ್ತಲ್ವಾ, ಹೊಸದು ಯಾಕೆ? ಅದಕ್ಕೆ 1963ಕ್ಕೆ ಹೋಗಬೇಕು. ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಶನ್ ಕ್ಲಬ್ ಮೇಲೆ ಪೊಲೀಸರು ದಾಳಿ ಮಾಡಿದರು, ಅಲ್ಲಿ ರಮ್ಮಿ ನಡೀತಿತ್ತು. ಕೇಸು ಸುಪ್ರೀಂ ಕೋರ್ಟ್ ತಲುಪಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಕೋಬೇಕು ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಬೇಕು, ಹಾಗಾಗಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ 1967ರ ನವೆಂಬರ್‌ನಲ್ಲಿ ತೀರ್ಪು ಬಂತು. ಮೂರೆಲೆ ಆಟ ಮಾತ್ರ ಬರೀ ಅದೃಷ್ಟದ್ದು. ಐವತ್ತು ವರ್ಷದ ನಂತರ ರಮ್ಮಿ ಆ್ಯಪ್‌ಗಳೆಲ್ಲ ನಿಂತದ್ದು ಈ ತೀರ್ಪಿನ ಮೇಲೆಯೇ.

ತೀರ್ಪು ತಪ್ಪು ಅಂತ ನಾನು ಹೇಳಲ್ಲ. ಆದರೆ ಅದು ಕ್ಲಬ್ಬಿನ ಮೇಜಿನ ಬಗ್ಗೆ ಬಂದ ತೀರ್ಪು. ಕ್ಲಬ್ಬಿಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿರುತ್ತೆ, ಫೋನಿಗೆ ಎಲ್ಲಿದೆ?

ನನ್ನ ಟೀಮಿನ ಹುಡುಗ ವಿಜಯವಾಡದವನು. ಲಾಕ್‌ಡೌನ್‌ನಲ್ಲಿ ಪಟಮಟದ ಮನೆಯಿಂದಲೇ ಕೆಲಸ. ಒಂದಿನ ಫೋನ್ ಮಾಡಿ, "ಅಣ್ಣಾ, ಅಮ್ಮನಿಗೆ ಹುಷಾರಿಲ್ಲ, ಎಂಬತ್ತು ಸಾವಿರ ಬೇಕು" ಅಂದ. ಕೊಟ್ಟೆ. ಅಮ್ಮ ಚೆನ್ನಾಗೇ ಇದ್ದರು. ನಿಷೇಧ ಬಂದ ಮೇಲೂ ಲೊಕೇಶನ್ ಬದಲಿಸಿಕೊಂಡು ಆಡಿದ, ಅದನ್ನು ಅವನೇ ಆಮೇಲೆ ಹೇಳಿದ. ಒಳ್ಳೆ ಕೋಡರ್. ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಬರುತ್ತೆ. ಕೌಶಲದ ಆಟ ಅನ್ನೋ ಮಾತನ್ನು ನಂಬಿದ್ದೂ ಅದಕ್ಕೇ.

ನಮ್ಮ ಕರ್ನಾಟಕವೂ 2021ರಲ್ಲಿ ನಿಷೇಧ ತಂತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು, ಅಲ್ಲೂ ಮತ್ತೆ ಕೌಶಲದ ವಾದವೇ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಪ್ರಶ್ನೆಯನ್ನೇ ಬಿಟ್ಟಿತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಗೆಲ್ಲುವ ಆನ್‌ಲೈನ್ ಆಟ ಇಲ್ಲ. ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲಿನ ಡ್ರೀಮ್11 ಹೆಸರೂ ಹೋಯ್ತು. ಬೆಂಗಳೂರಿನಲ್ಲಿ ಗೇಮಿಂಗ್ ಕಂಪನಿ ನಂಬಿ ಮನೆ ಸಾಲ ಮಾಡಿದವರು ನಮ್ಮಲ್ಲೂ ಇದ್ದಾರೆ, ಅವರ ಸಂಕಟ ಸಣ್ಣದಲ್ಲ. ಆದರೂ ಈ ಪ್ರಶ್ನೆಯನ್ನು 2018ರಲ್ಲೇ ಕೇಳಬೇಕಿತ್ತು ಅನ್ಸುತ್ತೆ ನನಗೆ.

ಹುಡುಗ ಈಗ ವೈಜಾಗ್‌ನಲ್ಲೇ ಇದ್ದಾನೆ. ಪ್ರತಿ ತಿಂಗಳು ಐದನೇ ತಾರೀಖಿಗೆ ಎರಡು ಸಾವಿರ ಹಾಕ್ತಾನೆ. ಇನ್ನು ಹನ್ನೊಂದು ಕಂತು ಬಾಕಿ.