ಬೇರಿನಿಂದ ಬಂದ ಮಾತು: ಸರ್ಪಗಂಧ ಮತ್ತು ‘ಕೆಮಿಕಲ್ ಇಂಬ್ಯಾಲೆನ್ಸ್’

ಮನೋವೈದ್ಯರ ಕೋಣೆಯಿಂದ ಹೊರಬಂದ ಮನೆಯವರು ನೆಂಟರಿಗೆ ಫೋನಿನಲ್ಲಿ ಹೇಳುವ ಮಾತೊಂದಿದೆ: ‘ಏನಿಲ್ಲ, ಮೆದುಳಲ್ಲಿ ಕೆಮಿಕಲ್ ಇಂಬ್ಯಾಲೆನ್ಸ್ ಆಗಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ.’ ಆ ಮಾತಿನಲ್ಲಿ ಒಂದು ಸಮಾಧಾನವಿದೆ. ಗಾಳಿ ಸೋಕಿದ್ದಲ್ಲ, ಹುಡುಗಿಯ ಸೋಮಾರಿತನವಲ್ಲ, ಹೆತ್ತವರ ತಪ್ಪೂ ಅಲ್ಲ. ಶುಗರು, ಬಿಪಿಯ ಹಾಗೆ ಇದೂ ಒಂದು. ಇಷ್ಟು ಚಲಾವಣೆಯಲ್ಲಿರುವ ಮಾತು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ, ದಾರಿಗಳಲ್ಲಿ ದೊಡ್ಡದೊಂದು ನಮ್ಮ ಗ್ರಂಥಿಗೆ ಅಂಗಡಿಯ ಬೇರಿನ ಬಳಿಗೆ ಬಂದು ನಿಲ್ಲುತ್ತದೆ. ಸರ್ಪಗಂಧದ ಕಥೆಯನ್ನು ಸಾಮಾನ್ಯವಾಗಿ ‘ನಮ್ಮವರಿಗೆ ಮೊದಲೇ ಗೊತ್ತಿತ್ತು, ಪಾಶ್ಚಾತ್ಯರು ಕದ್ದರು’ ಎಂಬ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಈ ಬೇರು ರೋಗವನ್ನು ವಾಸಿಮಾಡಿ ದೊಡ್ಡದಾಗಲಿಲ್ಲ. ಅದರ ಅಡ್ಡಪರಿಣಾಮದ ಸುದ್ದಿಯಿಂದ ದೊಡ್ಡದಾಯಿತು, ಆ ಸುದ್ದಿಯೂ ಅರ್ಧವೇ ಸರಿಯಾಗಿತ್ತು.

ಗಿಡ ಮೊಣಕಾಲೆತ್ತರದ್ದು. ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ನೇರಳೆಗಪ್ಪಿಗೆ ತಿರುಗುವ ಪುಟ್ಟ ಹಣ್ಣು. ಒಣಬೇರಿನ ಮೇಲೆ ಉದ್ದುದ್ದ ಗೀರು. ಮುರಿದರೆ ಒಳಗೆ ಮಾಸಲು ಹಳದಿ. ಹೆಸರಿನಲ್ಲಿ ಗಂಧವಿದೆ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಚೂರು ನಾಲಿಗೆಗೆ ತಗುಲಿತೋ, ಕಹಿ ಬಹಳ ಹೊತ್ತು ಬಿಡುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಬಿಹಾರದ ಜನ ಸೀದಾ ‘ಪಾಗಲ್ ಕಿ ದವಾ’ ಅಂದರು. ವಿಜ್ಞಾನದ ಹೆಸರಿನಲ್ಲಿರುವ ರೌವೋಲ್ಫ್ ಹದಿನಾರನೆಯ ಶತಮಾನದ ಜರ್ಮನ್ ವೈದ್ಯ. ಭಾರತಕ್ಕೆ ಕಾಲಿಟ್ಟವನೇ ಅಲ್ಲ.

ಶಾಸ್ತ್ರಗ್ರಂಥಗಳಲ್ಲಿ ಇದರ ಜಾಗ ಅಷ್ಟು ನಿಚ್ಚಳವಲ್ಲ. ಸಂಹಿತೆಗಳಲ್ಲಿ ಸರ್ಪಗಂಧದ ನೆಂಟು ಹೆಚ್ಚಾಗಿ ವಿಷಚಿಕಿತ್ಸೆಯೊಂದಿಗೆ. ಚರಕಸಂಹಿತೆಯ ಉನ್ಮಾದ ಪ್ರಕರಣ ಮುಖ್ಯವಾಗಿ ನಂಬುವುದು ತುಪ್ಪಗಳನ್ನು: ಕಲ್ಯಾಣಕ ಘೃತ, ಮಹಾಪೈಶಾಚಿಕ ಘೃತ, ಹಳೆಯ ತುಪ್ಪ. ಎರಡನೆಯದರಲ್ಲಿ ‘ಎರಡು ನಾಕುಲಿ’ ಬರುತ್ತವೆ. ಅವುಗಳಲ್ಲೊಂದು ಸರ್ಪಗಂಧವೇ ಎಂದು ಕೆಲವರು, ಅಲ್ಲವೆಂದು ಕೆಲವರು. ಹುಚ್ಚಿಗೆ ಈ ಬೇರನ್ನು ಕೊಡುವ ಪದ್ಧತಿ ಗ್ರಂಥಕ್ಕಿಂತ ಹೆಚ್ಚಾಗಿ ಊರ ವೈದ್ಯರ ಕೈಯಲ್ಲಿ ಬದುಕಿತ್ತು ಎಂಬುದೇ ನನಗೆ ಹೆಚ್ಚು ನಂಬಲರ್ಹವಾಗಿ ತೋರುತ್ತದೆ.

ಆಧುನಿಕ ದಾಖಲೆ ಶುರುವಾಗುವುದು 1931ರಲ್ಲಿ. ಆ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಹುಚ್ಚು ಹಾಗೂ ರಕ್ತದೊತ್ತಡ ಎರಡಕ್ಕೂ ಆಗುವ ಔಷಧಿಯೆಂದು ಸರ್ಪಗಂಧವನ್ನು ವೈದ್ಯಪತ್ರಿಕೆಯೊಂದರಲ್ಲಿ ಪರಿಚಯಿಸಿದರು. ಬೇರಿನ ಪುಡಿ 20ರಿಂದ 30 ಗ್ರೈನ್, ದಿನಕ್ಕೆರಡು ಸಲ. ನಿದ್ದೆ ಬರುತ್ತದೆ, ಒತ್ತಡ ಇಳಿಯುತ್ತದೆ, ಉಗ್ರತೆ ತಗ್ಗುತ್ತದೆ ಎಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನಿಂದ ಹರಳುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಆದರೆ ಮನಸ್ಸನ್ನು ತಣಿಸುವ ಸತ್ವ ಆ ಹರಳುಗಳಲ್ಲಿರಲಿಲ್ಲ. ಹರಳು ತೆಗೆದ ಮೇಲೆ ಉಳಿಯುವ ಅಂಟು ರಾಳದಲ್ಲಿತ್ತು. ರಾಳದ ಭಾಗವೇ ನಿದ್ದೆ ತರುತ್ತದೆಂದು 1940ರ ದಶಕದಲ್ಲಿ ಭಾರತದ ಸಂಶೋಧಕರೇ ತೋರಿಸಿದ್ದರೂ, ಅದರೊಳಗಿನ ವಸ್ತುವನ್ನು ಶುದ್ಧವಾಗಿ ಹಿಡಿದದ್ದು 1952ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಸೀಬಾ ಕಂಪನಿ. ಅದೇ ರೆಸರ್ಪಿನ್. ಕಂಪನಿಯ ಗಮನವನ್ನು ಈ ಬೇರಿನತ್ತ ಎಳೆದದ್ದರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಲ್ ವಕೀಲರ ಪಾಲು ದೊಡ್ಡದು. 50 ಮಂದಿ ರಕ್ತದೊತ್ತಡದ ರೋಗಿಗಳ ಮೇಲಿನ ಅವರ ಬರಹ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬಂದಿತ್ತು.

ಆಗಿನ ಮಾನಸಿಕ ಆಸ್ಪತ್ರೆಗಳ ಕೈಯಲ್ಲಿ ಏನಿತ್ತು? ಬೆಂಗಳೂರನ್ನೇ ನೋಡಬಹುದು. ಇಲ್ಲಿನ ಮಾನಸಿಕ ಆಸ್ಪತ್ರೆಯ ಎಂ. ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಾಲಕೃಷ್ಣ ರಾವ್ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ವರದಿಯನ್ನು 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕ್ರೌರ್ಯವೆಂದು ಇಂದು ತಳ್ಳಿಹಾಕುವುದು ಸುಲಭ. ಆದರೆ ಆಗ ವಿದ್ಯುತ್ ಆಘಾತ, ಇನ್ಸುಲಿನ್ ಕೊಟ್ಟು ತರಿಸುವ ಪ್ರಜ್ಞಾಹೀನತೆ, ಬೀಗ ಇವು ಬಿಟ್ಟರೆ ವೈದ್ಯನಿಗೆ ಹೆಚ್ಚು ದಾರಿಗಳಿರಲಿಲ್ಲ. ಮುಂದೆ ನಿಮ್ಹಾನ್ಸ್‌ನಲ್ಲಿ ಸೇರಿಹೋದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಅದೇ ಆವರಣದಲ್ಲಿ ಆರಂಭವಾದಾಗ ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಮಾತ್ರೆಗಳ ಯುಗ ಆಗಷ್ಟೇ ಕಣ್ಣುಬಿಡುತ್ತಿತ್ತು.

ಅಹಮದಾಬಾದಿನ ಆರ್. ಎ. ಹಕೀಂ ಎಂಬ ವೈದ್ಯರು ಈ ಬೇರಿನಿಂದ ಮನೋರೋಗಿಗಳಿಗೆ ಚಿಕಿತ್ಸೆ ಮಾಡಿದ ಸುದ್ದಿ 1953ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂತು. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅದರಿಂದ ಪ್ರೇರಣೆ ಪಡೆದು ಸುಮಾರು 700 ರೋಗಿಗಳ ಮೇಲೆ ಪ್ರಯೋಗ ಮಾಡಿ, 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿ ಕೆಲಸ ಮಾಡುತ್ತಿದೆ ಎಂಬುದು ಮೊದಲು ಅರಿವಾದದ್ದು ವೈದ್ಯರಿಗಲ್ಲವಂತೆ, ಆಸ್ಪತ್ರೆಯ ಕಿಟಕಿಗಳಿಗೆ ಗಾಜು ಕೂರಿಸುವವನಿಗೆ. ಒಡೆದ ಗಾಜಿನ ಲೆಕ್ಕ ಇದ್ದಕ್ಕಿದ್ದಂತೆ ಇಳಿದಿತ್ತು. ಮನೋವೈದ್ಯದ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಅಳತೆಗೋಲು ಇನ್ನೊಂದನ್ನು ನಾನು ಕಂಡಿಲ್ಲ. ಹಾಗೆಂದು ಗಾಜು ಉಳಿದದ್ದಕ್ಕೂ ಮನಸ್ಸು ಗುಣವಾದದ್ದಕ್ಕೂ ಅಂತರವಿದೆ. 1957ರ ಲಾಸ್ಕರ್ ಪ್ರಶಸ್ತಿಯಲ್ಲಿ ಕ್ಲೈನ್, ವಕೀಲ್ ಇಬ್ಬರಿಗೂ ಪಾಲು ಸಿಕ್ಕಿತು. ಸೇನ್, ಬೋಸ್, ಹಕೀಂ ಆ ಪಟ್ಟಿಯಲ್ಲಿಲ್ಲ.

ಅಷ್ಟರಲ್ಲಿ ರಕ್ತದೊತ್ತಡಕ್ಕೆಂದು ರೆಸರ್ಪಿನ್ ನುಂಗುತ್ತಿದ್ದವರಲ್ಲಿ ಕೆಲವರು ಮಂಕಾಗುತ್ತಿದ್ದಾರೆ, ಊಟ ನಿದ್ದೆ ಬೇಡವಾಗಿ ಸಾಯುವ ಮಾತಾಡುತ್ತಿದ್ದಾರೆ ಎಂಬ ವರದಿಗಳು ಬರತೊಡಗಿದವು. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬರ್ನಾರ್ಡ್ ಬ್ರೋಡಿಯ ತಂಡ, ಈ ಔಷಧಿ ಮೆದುಳಿನ ರಾಸಾಯನಿಕವಾದ ಸಿರೊಟೊನಿನ್‌ನ ದಾಸ್ತಾನನ್ನು ಬರಿದುಮಾಡುತ್ತದೆಂದು ತೋರಿಸಿತು. ನರಕೋಶದ ತುದಿಯಲ್ಲಿ ಇಂಥ ರಾಸಾಯನಿಕಗಳನ್ನು ಕೂಡಿಡುವ ಸಂಚಿಗಳಿವೆ. ರೆಸರ್ಪಿನ್ ಆ ಸಂಚಿಯ ಬಾಯಿಗೆ ಬಿರಡೆ ಹಾಕುತ್ತದೆ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟ ಮೊಲಗಳನ್ನು ಮುಂದಿಟ್ಟುಕೊಂಡರು. ಕಿವಿ ಜೋತುಬಿದ್ದು, ಮುಟ್ಟಿದರೂ ಕದಲದೆ ಮುದುರಿ ಕೂತ ಮೊಲಗಳು. ಅಂಥದೇ ರಾಸಾಯನಿಕವೊಂದರ ಕಚ್ಚಾವಸ್ತುವಾದ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಕಿವಿ ನೆಟ್ಟಗಾಗಿ ಓಡಾಡತೊಡಗಿದವು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಹುಟ್ಟಿದ್ದು ಈ ದಾರಿಯಲ್ಲಿ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಸಂಚಿ ಬರಿದಾದರೆ ದುಃಖ, ತುಂಬಿದರೆ ಗೆಲುವು. ಲೆಕ್ಕ ಎಷ್ಟು ಚೊಕ್ಕ! ಕ್ಷಯದ ಔಷಧಿ ಇಪ್ರೊನಿಯಾಜಿಡ್ ಆ ರಾಸಾಯನಿಕಗಳನ್ನು ಉಳಿಸಿಕೊಂಡು ರೋಗಿಗಳನ್ನು ಲವಲವಿಕೆಗೊಳಿಸುತ್ತಿತ್ತು. ಅದನ್ನು ಖಿನ್ನತೆಗೆ ಬಳಸಿದವರಲ್ಲಿ ಅದೇ ಕ್ಲೈನ್ ಮುಂದಿದ್ದರು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. 1987ರ ಕೊನೆಗೆ ಅಮೆರಿಕದಲ್ಲಿ ಸಿರೊಟೊನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್‌ಗೆ ಅನುಮತಿ ಸಿಕ್ಕ ಮೇಲೆ ಸಿದ್ಧಾಂತ ಜಾಹೀರಾತಿನ ಮಾತಾಗಿ, ಅಲ್ಲಿಂದ ನಮ್ಮ ಫೋನಿನ ಮಾತಾಯಿತು.

ಲೆಕ್ಕಕ್ಕೆ ಹೊಂದದ ಕಾಗದವೊಂದು ಮೊದಲಿನಿಂದಲೂ ಕಣ್ಣೆದುರೇ ಇತ್ತು. 1955ರಲ್ಲೇ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಡೇವಿಸ್ ಮತ್ತು ಮೈಕೆಲ್ ಶೆಫರ್ಡ್, ಆತಂಕ ಮತ್ತು ಖಿನ್ನತೆಯಲ್ಲಿದ್ದ 54 ಮಂದಿಯಲ್ಲಿ ಕೆಲವರಿಗೆ ರೆಸರ್ಪಿನ್, ಕೆಲವರಿಗೆ ಹುಸಿಮಾತ್ರೆ ಕೊಟ್ಟು ಹೋಲಿಸಿದ್ದರು. ರೆಸರ್ಪಿನ್ ತೆಗೆದುಕೊಂಡವರೇ ಹೆಚ್ಚು ಸುಧಾರಿಸಿದ್ದರು! ದುಃಖ ತರುತ್ತದೆಂದು ಹೆಸರಾದ ಔಷಧಿ ದುಃಖಿಗಳಿಗೆ ನೆರವಾದದ್ದು ಲ್ಯಾನ್ಸೆಟ್‌ನಲ್ಲೇ ಅಚ್ಚಾಯಿತು. ಸಿದ್ಧಾಂತ ಕಟ್ಟುವವರು ಅದನ್ನು ದಾಟಿಕೊಂಡು ಹೋದರು. 2022ರಲ್ಲಿ ಜೊವಾನಾ ಮಾಂಕ್ರೀಫ್ ಮತ್ತಿತರರು ಹಿಂದಿನ ಸಂಶೋಧನೆಗಳನ್ನು ಒಟ್ಟಿಗಿಟ್ಟು ನೋಡಿ, ಸಿರೊಟೊನಿನ್ ಕಡಿಮೆಯಾಗಿ ಖಿನ್ನತೆ ಬರುತ್ತದೆಂಬುದಕ್ಕೆ ಸುಸಂಗತ ಪುರಾವೆಯಿಲ್ಲ ಎಂದಾಗ ದೊಡ್ಡ ಗದ್ದಲವೇ ಎದ್ದಿತು. ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಯಾಕೆ ಮಾಡುತ್ತದೆ ಎಂಬುದು ಬೇರೆ. ಜ್ವರದ ಮಾತ್ರೆಗೆ ಜ್ವರ ಇಳಿಯಿತೆಂದರೆ ಮೈಯಲ್ಲಿ ಆ ಮಾತ್ರೆಯ ಕೊರತೆಯಿತ್ತು ಎಂದರ್ಥವಲ್ಲವಲ್ಲ. ಹಾಗೆಂದು ಯಾರೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು; ಥಟ್ಟನೆ ಬಿಟ್ಟವರ ಪಾಡು ಬೇರೆಯೇ ಇರುತ್ತದೆ.

ಮನೋರೋಗದ ಔಷಧಿಯಾಗಿ ರೆಸರ್ಪಿನ್ ಹೆಚ್ಚು ಕಾಲ ಬಾಳಲಿಲ್ಲ. ಫಲ ಕಾಣಲು ವಾರಗಳು ಬೇಕಿದ್ದವು. ಮೂಗು ಕಟ್ಟುವುದು, ಭೇದಿ, ನಡುಕ, ಹೊಟ್ಟೆಹುಣ್ಣು ಜೊತೆಗೆ ಬರುತ್ತಿದ್ದವು. 1952ರಲ್ಲಿ ಪ್ಯಾರಿಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಅದನ್ನು ಮೂಲೆಗೆ ತಳ್ಳಿತು. ಅಗೆದಗೆದು ಗಿಡವೂ ಕಾಡಿನಲ್ಲಿ ವಿರಳವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ.

ಆದರೆ ಸಂಚಿಯ ಬಾಯಿಗೆ ಬಿರಡೆ ಹಾಕುವ ಉಪಾಯ ಸತ್ತಿಲ್ಲ. ಕ್ಲೋರ್‌ಪ್ರೊಮಜಿನ್ ಬಳಗದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದ ಕೆಲವರಿಗೆ ತುಟಿ, ನಾಲಿಗೆ ತಮ್ಮಷ್ಟಕ್ಕೆ ಅಲುಗುವ ತೊಂದರೆ ಅಂಟಿಕೊಳ್ಳುತ್ತದೆ. ಅದಕ್ಕೆಂದು 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವಾಲ್ಬೆನಜಿನ್ ತಡೆಯುವುದು ರೆಸರ್ಪಿನ್ ತಡೆಯುತ್ತಿದ್ದ ಬಾಗಿಲನ್ನೇ. ಅದೇ ಜಾತಿಯ ಟೆಟ್ರಾಬೆನಜಿನ್‌ನ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟು ಹಾಕಿ ಮುದ್ರಿಸಿದ ಮೊದಲ ಎಚ್ಚರಿಕೆ, ಖಿನ್ನತೆ ಬರಬಹುದು ಎಂದು.