ನೀರಾ ಕಾಲುವೆ: ಬರದ ಸೀಮೆಗೆ ಹರಿದ ಸರ್ಕಾರಿ ನೀರು

ಪುಣೆ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ ಸಹ್ಯಾದ್ರಿಯ ಮಳೆ ಧಾರಾಕಾರವಾಗಿ ಸುರಿಯುತ್ತದೆ. ಪೂರ್ವದ ಬಾರಾಮತಿ, ಇಂದಾಪುರ ತಾಲ್ಲೂಕುಗಳಾದರೋ ಮಳೆಯ ಮರೆಗೆ ಸಿಕ್ಕ ಒಣ ಭೂಮಿ. 1876–78ರ ಮಹಾಕ್ಷಾಮವು ಈ ಸೀಮೆಯನ್ನೂ, ಅಂದು ಇದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ವಿಜಾಪುರವನ್ನೂ ಒಟ್ಟಿಗೆ ಹಿಂಡಿತು. ಆ ಬಳಿಕ ಸರ್ಕಾರವು ಕ್ಷಾಮ ಪರಿಹಾರದ ಉದ್ದೇಶದಿಂದ ಭಾಟಘರದ ಜಲಾಶಯವನ್ನೂ ನೀರಾ ಎಡದಂಡೆ ಕಾಲುವೆಯನ್ನೂ ನಿರ್ಮಿಸಿತು. 1885ರಲ್ಲಿ ಕಾಲುವೆಗೆ ನೀರು ಬಿಡಲಾಯಿತು.

ಆದರೆ ರೈತರ ಲೆಕ್ಕಾಚಾರವೇ ಬೇರೆಯಾಗಿತ್ತು. ಕಪ್ಪು ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುವುದರಿಂದ, ಮಳೆ ಚೆನ್ನಾದ ವರ್ಷ ಜೋಳಕ್ಕೆ ಕಾಲುವೆಯ ನೀರು ಬೇಕಿರಲಿಲ್ಲ. ಬೇಡದ ನೀರಿಗೆ ಕರ ತೆರುವವರಾರು? ವರ್ಷವಿಡೀ ನೀರು ಬೇಡುವ, ಹಣವನ್ನೂ ತರುವ ಬೆಳೆಯೆಂದರೆ ಕಬ್ಬು. ಹೀಗಾಗಿ ಕಾಲುವೆಯ ಮೇಲ್ಭಾಗದ ಊರುಗಳು ಕಬ್ಬಿಗೆ ನೀರನ್ನು ಮನಸೋ ಇಚ್ಛೆ ಹರಿಸಿದವು. ಕೊನೆಯ ಭಾಗದ ಊರುಗಳು ಬಾಯಾರಿಯೇ ಉಳಿದವು. ಬಸಿಗಾಲುವೆಗಳಿಲ್ಲದೆ ಅಂತರ್ಜಲ ಮೇಲೇರಿ, ಉಪ್ಪು ನೆಲದ ಮೇಲೆ ಬೆಳ್ಳಗೆ ಹರಡಿ, ಒಳ್ಳೆಯ ಹೊಲಗಳು ಸವಳಾದವು. ಈ ಸವಳು ಭೂಮಿಯ ಕುರಿತು ಹೆರಾಲ್ಡ್ ಮ್ಯಾನ್ ಮತ್ತು ತಾಮ್ಹಣೆ ಅವರು ಸಿದ್ಧಪಡಿಸಿದ ವರದಿ 1910ರಲ್ಲಿ ಪ್ರಕಟವಾಯಿತು.

ಇದಕ್ಕೆ ಪರಿಹಾರ ಸೂಚಿಸಿದವರು ಆಗ ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು. ಖಡಕವಾಸ್ಲಾಕ್ಕೆ ಅವರು 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಎಲ್ಲರೂ ಬಲ್ಲರು. ನೀರಾ ಕಾಲುವೆಗಾಗಿ ರೂಪಿಸಿದ ‘ಬ್ಲಾಕ್ ಪದ್ಧತಿ’ಯನ್ನು ಬಲ್ಲವರು ವಿರಳ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚಿನ ಸಾಧನೆ. ನೀರು ಚೆನ್ನಾಗಿ ಬಸಿದುಹೋಗುವ ನೆಲವನ್ನು ಆಯ್ದು, ಊರೂರಿಗೂ ಹಂಚುವಂತೆ ಗೊತ್ತಾದ ಬ್ಲಾಕುಗಳನ್ನು ಮಾಡಿ, ಅವುಗಳಿಗೆ ನಿಶ್ಚಿತ ವರ್ಷಗಳ ಕಾಲ ನೀರಿನ ಭರವಸೆ ಕೊಡುವುದು. ಬ್ಲಾಕಿನೊಳಗೆ ಕಬ್ಬನ್ನು ಒಂದೇ ತುಂಡಿನಲ್ಲಿ ಬೆಳೆಯದೆ, ಕಡಿಮೆ ನೀರಿನ ಬೆಳೆಗಳೊಡನೆ ಸರದಿಯಂತೆ ಬದಲಿಸುವುದು. ನೀರು ಕೈಯಳತೆಯಲ್ಲಿದ್ದವರಿಂದ ಮೊದಲು ವಿರೋಧವೂ ಬಂದಿತು.

ಮುಂದೆ ಭಾಟಘರದಲ್ಲಿ ಹೊಸದಾಗಿ ಎತ್ತರದ ಲಾಯ್ಡ್ ಅಣೆಕಟ್ಟು ಎದ್ದಿತು. ಅದು 1928ರ ಹೊತ್ತಿಗೆ ಪೂರ್ಣಗೊಂಡು, ಬಲದಂಡೆಗೂ ಕಾಲುವೆ ಬಂದಿತು. ನಂತರದ ದಶಕಗಳಲ್ಲಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಕ್ಷಾಮದ ವರ್ಷ ಜೋಳವನ್ನು ಉಳಿಸಲೆಂದು ತೋಡಿದ ಕಾಲುವೆಯ ಬದಿಯಲ್ಲಿ ಇಂದು ಕಣ್ಣಿಗೆ ಹೆಚ್ಚಾಗಿ ಬೀಳುವುದು ಕಬ್ಬಿನ ಗದ್ದೆಗಳೇ.