ತವರಿಗೆ ಬಂದ ಹೆಜ್ಜಾರ್ಲೆ

ತಲೆಯೆತ್ತಿ ನೋಡಿ: ಹುಣಸೆ ಮರದ ತುದಿಯಲ್ಲಿ ಬೂದು ಬಣ್ಣದ ಹೆಜ್ಜಾರ್ಲೆ, ಪಕ್ಕದ ಕೊಂಬೆಯಲ್ಲೇ ಬಣ್ಣದ ಕೊಕ್ಕರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇವು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವಿನ ಮರಗಳಲ್ಲಿ. ಚಳಿಗಾಲದಲ್ಲಿ ಬಂದು, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಊರಿನವರ ಪಾಲಿಗೆ ಇವು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಮರಿಗಳ ಹೊಟ್ಟೆ ತುಂಬಿಸುವುದು ಶಿಂಷಾ ನದಿ ಮತ್ತು ಸುತ್ತಲಿನ ಕೆರೆಗಳ ಮೀನು. ಕೆರೆ ಬತ್ತಿದ ವರ್ಷ ಗೂಡುಗಳೂ ಬಡವಾಗುತ್ತವೆ.

ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಮಣ್ಣು ತುಂಬಿ, ಮೇಲಿಂದ ಬೀಳುವ ಹಿಕ್ಕೆ ಬೆರೆತು ಗೊಬ್ಬರವಾಗಲು ಬಿಡುವುದು ಇಲ್ಲಿನ ರೈತರ ಹಳೆಯ ರೂಢಿ. ಆದರೆ ಗೂಡಿರುವ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಪರಿಹಾರದ ಮಾತೇ ಇಲ್ಲದ ಕಾಲದಲ್ಲೂ ಈ ಮರಗಳನ್ನು ಉಳಿಸಿಕೊಂಡವರ ದೊಡ್ಡತನವನ್ನು ಇಲ್ಲಿ ನೆನೆಯಲೇಬೇಕು.

ಗೂಡಿನಿಂದ ಬಿದ್ದ ಮರಿಗಳಿಗೆ ಊರಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿ, ಹಾರಲು ಬಿಟ್ಟಿದ್ದಾರೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಮರದಡಿ ಚಪ್ಪಾಳೆ ತಟ್ಟಬೇಡಿ, ಕಲ್ಲೆಸೆಯಬೇಡಿ. ಬೆದರಿ ತಾಯಿ ಎದ್ದರೆ ಎಳೆಯ ಮರಿ ಬಿಸಿಲಿಗೆ ಬೀಳುತ್ತದೆ.